ಇಂಡಿಯಿಂದ ದಿಲ್ಲಿಗೆ ಹೋದ ಒಂದು ತಕರಾರು

ವಿಜಾಪುರ ಜಿಲ್ಲೆಯ ರಾಜಕೀಯವನ್ನು ಅರಿಯಬೇಕೆನ್ನುವವರು ಮೊದಲು ಅಲ್ಲಿಯ ನದಿಗಳನ್ನು ನೋಡಬೇಕು. ಉತ್ತರದ ಅಂಚಿನಲ್ಲಿ ಭೀಮೆ. ಅದರ ದಂಡೆಗೆ ಇಂಡಿ ಮತ್ತು ಸಿಂದಗಿ. ದಕ್ಷಿಣದ ಅಂಚಿನಲ್ಲಿ ಕೃಷ್ಣೆ; ಅದರ ದಂಡೆಗೆ ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ. ನಡುವೆ ಡೋಣಿ. ಎರಡು ದೊಡ್ಡ ನದಿಗಳ ನಡುವೆ ಇದ್ದೂ ನೀರಿಗಾಗಿ ಬಾಯಿ ಬಿಡುವ ನೆಲ ಇದು. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಆ ಅಣೆಕಟ್ಟನ್ನು ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು. ನಡುವೆ ಕಳೆದದ್ದು ನಲವತ್ತೆರಡು ವರ್ಷ. ಅಷ್ಟು ಕಾಲ ಕಾಯ್ದ ಜನ ತಮ್ಮ ಶಾಸಕನಿಂದ ಕೇಳುತ್ತ ಬಂದದ್ದು ಒಂದೇ ಪ್ರಶ್ನೆ: ನೀರು ಯಾವಾಗ ಬರುತ್ತದೆ? ಸಿಂದಗಿಯಲ್ಲಿ ಎಂ.ಸಿ. ಮನಗೂಳಿಯವರಂಥ ನಾಯಕರು ನೀರಾವರಿಗಾಗಿ ಹಟ ತೊಟ್ಟು ಬರಿಗಾಲಲ್ಲಿ ತಿರುಗಿದ್ದು ಈ ಹಿನ್ನೆಲೆಯಲ್ಲಿಯೇ.

ಈ ತಾಲ್ಲೂಕುಗಳಿಂದ ವಿಧಾನಸಭೆಗೆ ಹೋದವರ ಪಟ್ಟಿಯನ್ನು ನೋಡಿದರೆ ಮೊದಲ ದಶಕಗಳಲ್ಲಿ ಗೌಡರು, ದೇಶಮುಖರು, ವಕೀಲರು, ಕಾಂಗ್ರೆಸ್ಸಿನ ಹಳೆಯ ಕಾರ್ಯಕರ್ತರು ಕಾಣುತ್ತಾರೆ. 1957ರಲ್ಲಿಯೇ ಬಾಗೇವಾಡಿ ಸುಶೀಲಾಬಾಯಿ ಹೀರಾಚಂದ ಶಹಾ ಎಂಬ ಮಹಿಳೆಯನ್ನು ಆರಿಸಿ ಕಳಿಸಿತ್ತು ಎಂಬುದನ್ನು ಇಂದು ನೆನೆಯುವವರು ಕಡಿಮೆ. ಕಾಲ ಕಳೆದಂತೆ ಚಿತ್ರ ಬದಲಾಯಿತು. ಕಾಲುವೆಯ ಕಾಮಗಾರಿ, ಸಕ್ಕರೆ ಕಾರ್ಖಾನೆ, ಶಿಕ್ಷಣ ಸಂಸ್ಥೆ, ಸಾರಿಗೆ, ಬ್ಯಾಂಕು ಇವುಗಳ ನಡುವಿನಿಂದ ಹೊಸ ಬಗೆಯ ಶಾಸಕ ಹುಟ್ಟಿಕೊಂಡ. ಜಮೀನಿನ ಯಜಮಾನಿಕೆ ಹೋಗಿ ವ್ಯವಹಾರದ ಯಜಮಾನಿಕೆ ಬಂತು. ಇದು ವಿಜಾಪುರದ ಮಾತಷ್ಟೇ ಅಲ್ಲ, ಇಡೀ ರಾಜ್ಯದ ಕತೆ. ವ್ಯವಹಾರದಲ್ಲಿ ನಷ್ಟವಾದರೆ ವ್ಯಾಪಾರಿಗೆ ಇನ್ನೊಂದು ಅಂಗಡಿ ತೆರೆಯುವ ದಾರಿಯುಂಟು. ಶಾಸಕನ ಸ್ಥಾನ ಹಾಗಲ್ಲ. ಅದು ಅವನ ಸ್ವಂತ ಬಂಡವಾಳವಲ್ಲ, ಜನರು ಅವನ ಕೈಗೆ ಇಟ್ಟ ಅಮಾನತ್ತು.

ಅಮಾನತ್ತು ಎಂಬ ಈ ಶಬ್ದದ ಬಗ್ಗೆ ಒಂದು ಮಾತು. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿಕೆಯ ಮೇಲೆ ಒಬ್ಬರ ವಶಕ್ಕೆ ಕೊಟ್ಟ ವಸ್ತು. ಕೇಳಿದಾಗ ಅದನ್ನು ಹಾಗೆಯೇ ಮರಳಿಸಬೇಕು. ಅದರಲ್ಲಿ ಮೋಸ ಮಾಡುವುದು ದೊಡ್ಡ ಪಾಪ. ವಕೀಲ, ಫಿರ್ಯಾದಿ, ಜಾಮೀನು, ಕೈದಿ, ಖುಲಾಸೆ ಇವುಗಳ ಜೊತೆಗೇ ಈ ಶಬ್ದವೂ ಕನ್ನಡದ ಕಚೇರಿ ಭಾಷೆಗೆ ಬಂತು. ಬಂದು ಬೇರೊಂದು ಅರ್ಥ ಪಡೆಯಿತು. ಇಂದು ನಾವು ನೌಕರನನ್ನು ಅಮಾನತು ಮಾಡಿದರು ಎನ್ನುತ್ತೇವೆ, ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು ಎನ್ನುತ್ತೇವೆ. ಅಂದರೆ ರದ್ದು ಮಾಡಲಿಲ್ಲ, ಜಾರಿಗೂ ತರಲಿಲ್ಲ, ಬದಿಗೆ ತೆಗೆದಿಟ್ಟರು ಎಂದರ್ಥ. ಇಂಡಿ ಕ್ಷೇತ್ರದ ಒಂದು ಚುನಾವಣಾ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನಾದ ಕತೆ ಈ ಎರಡು ಅರ್ಥಗಳ ನಡುವೆ ನಡೆದ ಕತೆಯೇ ಆಗಿದೆ.

ಮೂರು ಗಾಳಿ, ಒಬ್ಬ ಪಕ್ಷೇತರ

ಹೊಟಗಿಯಿಂದ ವಿಜಾಪುರದ ಮೇಲೆ ಗದಗಕ್ಕೆ ಹೋಗುವ ರೈಲು ದಾರಿ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ಆ ದಾರಿಯಿಂದಾಗಿ ಇಂಡಿಯ ಸಂತೆ, ಆಸ್ಪತ್ರೆ, ಕೂಲಿ, ಬೀಗತನ ಎಲ್ಲವೂ ಬೆಂಗಳೂರಿಗಿಂತ ಸೊಲ್ಲಾಪುರಕ್ಕೆ ಹತ್ತಿರ. ರಾಜ್ಯದ ಗಡಿ ಭೀಮೆಯ ಬಳಿ ಇದ್ದರೂ ಬದುಕಿನ ಗಡಿ ಅಲ್ಲಿಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಕನ್ನಡ ಕೇಳಿಸುವಷ್ಟೇ ಸಹಜವಾಗಿ ಇಂಡಿ, ಚಡಚಣಗಳ ಅಂಗಡಿಗಳಲ್ಲಿ ಮರಾಠಿ ಕೇಳಿಸುತ್ತದೆ.

ಈ ಇಂಡಿಯಿಂದ ರವಿಕಾಂತ ಪಾಟೀಲರು 1994, 1999 ಮತ್ತು 2004ರಲ್ಲಿ ಸತತ ಮೂರು ಸಲ ಪಕ್ಷೇತರರಾಗಿ ಗೆದ್ದರು. ಇದು ಸಣ್ಣ ಸಂಗತಿಯಲ್ಲ. 1994ರಲ್ಲಿ ರಾಜ್ಯದ ಗಾಳಿ ಜನತಾದಳದ ಕಡೆಗಿತ್ತು, ದೇವೇಗೌಡರು ಮುಖ್ಯಮಂತ್ರಿಯಾದರು. 1999ರಲ್ಲಿ ಅದೇ ಗಾಳಿ ಕಾಂಗ್ರೆಸ್ಸಿನ ಕಡೆ ತಿರುಗಿತು, ಎಸ್.ಎಂ. ಕೃಷ್ಣ ಬಂದರು. 2004ರಲ್ಲಿ ಯಾರಿಗೂ ಬಹುಮತವಿಲ್ಲ. ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58. ಗಾಳಿ ಮೂರು ಸಲ ಮೂರು ದಿಕ್ಕಿಗೆ ಬೀಸಿದರೂ ಇಂಡಿ ಮಾತ್ರ ಯಾವ ಪಕ್ಷದ ಬಾವುಟವೂ ಇಲ್ಲದ ಒಬ್ಬರನ್ನೇ ಆರಿಸಿತು. ಪಕ್ಷಗಳ ಮೇಲಿನ ಬೇಸರವನ್ನು ಮತಪೆಟ್ಟಿಗೆಯಲ್ಲಿ ಹೇಳುವ ದಾರಿ ಇದು. ಪಕ್ಷವಿಲ್ಲದವನು ತಮ್ಮವನಾಗಿಯೇ ಉಳಿಯುತ್ತಾನೆ ಎಂದು ಮತದಾರ ನಂಬುತ್ತಾನೆ. ಅತಂತ್ರ ಸಭೆಯಲ್ಲಿ ಅಂಥವನ ಒಂದು ಕೈ ಎತ್ತುವಿಕೆಗೂ ಬೆಲೆ ಇರುತ್ತದೆ.

ಆದರೆ ಮೂರನೆಯ ಗೆಲುವಿನ ಹೊತ್ತಿಗೆ ಅವರ ಶಾಸಕತ್ವದ ಪ್ರಶ್ನೆ ಮತಪೆಟ್ಟಿಗೆಯಿಂದ ಹೊರಬಂದು ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. 2000ದಲ್ಲಿ ಸೊಲ್ಲಾಪುರದ ಸೆಷನ್ಸ್ ನ್ಯಾಯಾಲಯ ಒಂದು ಕ್ರಿಮಿನಲ್ ಪ್ರಕರಣದಲ್ಲಿ ಅವರನ್ನು ಅಪರಾಧಿಯೆಂದು ತೀರ್ಮಾನಿಸಿ ಏಳು ವರ್ಷದ ಶಿಕ್ಷೆ ವಿಧಿಸಿತ್ತು. ಅವರು ಮುಂಬಯಿ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು. ಆ ಪ್ರಕರಣದ ಒಳಹೊಕ್ಕು ಸರಿ ತಪ್ಪು ಹೇಳುವುದು ನಮ್ಮ ಕೆಲಸವಲ್ಲ. ನಾವಿಲ್ಲಿ ನೋಡಬೇಕಾದದ್ದು, ಅಪರಾಧಿಯೆಂಬ ತೀರ್ಪು ತಲೆಯ ಮೇಲಿರುವಾಗ ಒಬ್ಬ ವ್ಯಕ್ತಿ ಜನಪ್ರತಿನಿಧಿಯಾಗಿ ಇರಬಹುದೇ ಎಂಬ ಪ್ರಶ್ನೆಯನ್ನು.

ದಿನಾಂಕದ ಮೇಲೆ ನಿಂತ ನ್ಯಾಯ

1951ರ ಪ್ರಜಾಪ್ರತಿನಿಧಿ ಕಾಯ್ದೆಯ 8ನೆಯ ಕಲಮು ಈ ವಿಷಯವನ್ನು ಹೇಳುತ್ತದೆ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಗುರಿಯಾದವನು ತೀರ್ಪಿನ ದಿನದಿಂದಲೇ ಅನರ್ಹ. ಬಿಡುಗಡೆಯಾದ ಮೇಲೂ ಆರು ವರ್ಷ ಅವನು ಚುನಾವಣೆಗೆ ನಿಲ್ಲುವಂತಿಲ್ಲ. ಆದರೆ ಆ ಕಾಲದಲ್ಲಿ ಅದೇ ಕಲಮಿನ ನಾಲ್ಕನೆಯ ಉಪಕಲಮು ಹಾಲಿ ಶಾಸಕ, ಸಂಸದರಿಗೆ ಒಂದು ಕೊಡೆ ಹಿಡಿದಿತ್ತು. ಅವರು ಮೂರು ತಿಂಗಳಲ್ಲಿ ಮೇಲ್ಮನವಿ ಹಾಕಿಕೊಂಡರೆ ಅದು ತೀರ್ಮಾನವಾಗುವವರೆಗೆ ಸ್ಥಾನ ಹೋಗುತ್ತಿರಲಿಲ್ಲ. ಈ ಕೊಡೆ ಆ ಸಭೆಯ ಅವಧಿ ಮುಗಿಯುವವರೆಗೆ ಮಾತ್ರ. ಹೊಸ ಚುನಾವಣೆಗೆ ಹೊಸ ನಾಮಪತ್ರ ಹಾಕುವಾಗ ಅದರ ನೆರಳು ಇರುವುದಿಲ್ಲ.

2004ರಲ್ಲಿ ಇಂಡಿಯಲ್ಲಿ ಬಂದ ತೊಡಕು ಇದೇ. ಜೈಲಿನಿಂದ ಹೊರಗಿರಲು ಶಿಕ್ಷೆಯ ಅಮಾನತು ಸಾಕು. ಚುನಾವಣೆಗೆ ನಿಲ್ಲಲು ಅದು ಸಾಲದು, ಏಕೆಂದರೆ ಶಿಕ್ಷೆ ಅಮಾನತಿನಲ್ಲಿದ್ದರೂ ಅಪರಾಧಿ ಎಂಬ ಹಣೆಪಟ್ಟಿ ಉಳಿದಿರುತ್ತದೆ. ಪಾಟೀಲರು ಆ ಹಣೆಪಟ್ಟಿಗೇ ತಡೆ ಕೋರಿದರು. 2004ರ ಮಾರ್ಚ್ 26ರಂದು ಮುಂಬಯಿ ಹೈಕೋರ್ಟು ಅಪರಾಧಿಯೆಂಬ ತೀರ್ಪಿಗೇ ತಡೆ ನೀಡಿತು. ಆ ತಡೆಯಾಜ್ಞೆಯ ಬಲದಿಂದ ಅವರ ನಾಮಪತ್ರ ಸ್ವೀಕಾರವಾಯಿತು. ಏಪ್ರಿಲ್‌ನಲ್ಲಿ ಮತದಾನ, ಮೇ 13ರಂದು ಫಲಿತಾಂಶ. ಅವರು ಗೆದ್ದರು.

ಸಾರ್ವಭೌಮ ಬಗಲಿಯವರು ಈ ಆಯ್ಕೆಯನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ತಡೆಯಾಜ್ಞೆಯಿಂದ ತೀರ್ಪು ಅಳಿಸಿಹೋಗುವುದಿಲ್ಲ, ಆದ್ದರಿಂದ ಅನರ್ಹತೆಯೂ ಉಳಿಯುತ್ತದೆ ಎಂಬುದು ವಾದ. ಹೈಕೋರ್ಟು ಈ ವಾದವನ್ನು ಒಪ್ಪಿ ಆಯ್ಕೆಯನ್ನು ಅಸಿಂಧುವೆಂದಿತು. ಹಾಗೆ ಹೇಳಲು ಆಗ ಕಾರಣವೂ ಇತ್ತು. 2005ರ ಜನವರಿ 11ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕೇರಳದ ಕೂತುಪರಂಬ ಕ್ಷೇತ್ರದ ಪ್ರಕರಣದಲ್ಲಿ, ಅಭ್ಯರ್ಥಿಯ ಅರ್ಹತೆಯನ್ನು ನಾಮಪತ್ರ ಪರಿಶೀಲನೆಯ ದಿನದ ಸ್ಥಿತಿಯಿಂದಲೇ ಅಳೆಯಬೇಕು, ಆಮೇಲೆ ಮೇಲ್ಮನವಿಯಲ್ಲಿ ಖುಲಾಸೆಯಾದರೂ ಹಿಂದಿನ ಅನರ್ಹತೆ ಅಳಿಯದು ಎಂದಿತ್ತು.

ಇಂಡಿಯ ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು. 2006ರ ನವೆಂಬರ್ 14ರಂದು ತೀರ್ಪು ಬಂತು. ನ್ಯಾಯಾಲಯದ ಮಾತಿನ ಸಾರ ಇಷ್ಟು: ತಡೆಯಾಜ್ಞೆಯಿಂದ ಅಪರಾಧಿಯೆಂಬ ತೀರ್ಪು ಇಲ್ಲವಾಗುವುದಿಲ್ಲ, ಆದರೆ ಅದು ನಿಷ್ಕ್ರಿಯವಾಗುತ್ತದೆ. ತೀರ್ಪೇ ನಿಷ್ಕ್ರಿಯವಾದ ಮೇಲೆ ಅದರ ಬಾಲವಾದ ಅನರ್ಹತೆ ನಡೆಯದು. ನಾಮಪತ್ರದ ಹೊತ್ತಿಗೆ ತಡೆಯಾಜ್ಞೆ ಕೈಯಲ್ಲಿತ್ತು, ಆದ್ದರಿಂದ ಆಯ್ಕೆ ಸರಿ. ಇದರ ಜೊತೆಗೇ ಒಂದು ಎಚ್ಚರಿಕೆಯೂ ಇತ್ತು. ಇಂಥ ತಡೆಯನ್ನು ಎಲ್ಲರಿಗೂ ಹಂಚುವಂತಿಲ್ಲ. ಅದು ಅಪರೂಪಕ್ಕೆ ಬಳಸಬೇಕಾದ ಅಧಿಕಾರ. ತಡೆ ಸಿಗದಿದ್ದರೆ ಆಗುವ ಹಾನಿ ಏನೆಂಬುದನ್ನು ಕೇಳುವವನು ನಿರ್ದಿಷ್ಟವಾಗಿ ತೋರಿಸಿಕೊಡಬೇಕು.

ಕಂಪನಿಯ ತಕ್ಕಡಿ

ಸುಪ್ರೀಂ ಕೋರ್ಟು ಈ ತತ್ವವನ್ನು ಎಲ್ಲಿಂದ ತೆಗೆದುಕೊಂಡಿತು ಎಂದು ನೋಡಿದರೆ ನಮಗೆ ಬೆರಗಾಗುತ್ತದೆ. ಅದರ ಬೇರು ರಾಜಕೀಯದಲ್ಲಿಲ್ಲ, ವ್ಯಾಪಾರದಲ್ಲಿದೆ. ಹೋಟೆಲ್ ಉದ್ಯಮದ ನಾರಂಗ್ ಕುಟುಂಬದ ತಂದೆ-ಮಕ್ಕಳ ವ್ಯಾಜ್ಯವೊಂದು 1995ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿತ್ತು. ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವನು ಕಂಪನಿಯ ವ್ಯವಸ್ಥಾಪಕ ನಿರ್ದೇಶಕನಾಗಿ ಇರುವಂತಿಲ್ಲ ಎಂದು 1956ರ ಕಂಪನಿ ಕಾಯ್ದೆ ಹೇಳುತ್ತಿತ್ತು. ಹಾಗಾದರೆ ಮೇಲ್ಮನವಿಯ ನ್ಯಾಯಾಲಯ ಅಪರಾಧಿಯೆಂಬ ತೀರ್ಪಿಗೇ ತಡೆ ಕೊಡಬಹುದೇ? ಅಂಥ ಅಧಿಕಾರ ಇದೆ ಎಂದಿತು ಸುಪ್ರೀಂ ಕೋರ್ಟು. ಆದರೆ ಅದನ್ನು ಸ್ಪಷ್ಟವಾಗಿ ಕೇಳಿ ಪಡೆಯಬೇಕಿತ್ತು. ಆ ಪ್ರಕರಣದ ನಿರ್ದೇಶಕರು ಹಾಗೆ ಕೇಳಿರಲಿಲ್ಲವಾದ್ದರಿಂದ ಅವರಿಗೆ ಅದರ ಲಾಭ ಸಿಗಲಿಲ್ಲ. ಆದರೆ ಅವರು ಸೋತ ಪ್ರಕರಣದಿಂದಲೇ ಮುಂದಿನವರಿಗೆ ಒಂದು ಕಿಟಕಿ ತೆರೆಯಿತು.

ಹೀಗೆ ಕಂಪನಿಯ ಕುರ್ಚಿಯನ್ನು ತೂಗಿದ ತಕ್ಕಡಿಯಲ್ಲಿಯೇ ವಿಧಾನಸಭೆಯ ಕುರ್ಚಿಯನ್ನೂ ತೂಗಲಾಯಿತು. ಕಾನೂನಿನ ದೃಷ್ಟಿಯಲ್ಲಿ ಇದು ತಪ್ಪಲ್ಲ. ಕ್ರಿಮಿನಲ್ ದಂಡಪ್ರಕ್ರಿಯಾ ಸಂಹಿತೆಯ 389ನೆಯ ಕಲಮು ಇಬ್ಬರಿಗೂ ಒಂದೇ. 2024ರ ಜುಲೈನಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 430ನೆಯ ಕಲಮು ಬಂದಿದೆ. ಆದರೆ ಕಂಪನಿಯ ನಿರ್ದೇಶಕ ಷೇರುದಾರರ ಹಣಕ್ಕೆ ಹೊಣೆ. ಶಾಸಕ ಕುಡಿಯುವ ನೀರಿಗೆ, ಶಾಲೆಗೆ, ರಸ್ತೆಗೆ ಕಾದು ಕುಳಿತ ಜನರಿಗೆ ಹೊಣೆ. ಷೇರುದಾರನಿಗೆ ನಂಬಿಕೆ ಹೋದರೆ ಷೇರು ಮಾರಿ ಹೊರಡಬಹುದು. ಇಂಡಿಯ ರೈತ ತನ್ನ ತಾಲ್ಲೂಕನ್ನು ಯಾರಿಗೆ ಮಾರಿ ಹೊರಡಬೇಕು?

ಇಲ್ಲಿ ಕಾಲದ ಲೆಕ್ಕವನ್ನೂ ನೋಡಬೇಕು. ಚುನಾವಣಾ ತಕರಾರನ್ನು ಸಾಧ್ಯವಾದಷ್ಟು ಮಟ್ಟಿಗೆ ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಅದೇ 1951ರ ಕಾಯ್ದೆ ಹೇಳುತ್ತದೆ. ಇಂಡಿಯ ತಕರಾರು ಕೊನೆ ಮುಟ್ಟಲು ಎರಡೂವರೆ ವರ್ಷ ಬೇಕಾಯಿತು. ಆ ಹೊತ್ತಿಗೆ ಧರ್ಮಸಿಂಗ್ ಸರಕಾರ ಬಂದು ಹೋಗಿತ್ತು, ಕುಮಾರಸ್ವಾಮಿ ಸರಕಾರ ನಡೆದಿತ್ತು. ತೀರ್ಪು ಬಂದು ಒಂದು ವರ್ಷವಾಗುತ್ತಲೇ, 2007ರ ನವೆಂಬರ್‌ನಲ್ಲಿ, ಆ ವಿಧಾನಸಭೆಯೇ ವಿಸರ್ಜನೆಯಾಯಿತು. 2008ರ ಚುನಾವಣೆಯಲ್ಲಿ ಇಂಡಿಯಿಂದ ಗೆದ್ದವರು, ನ್ಯಾಯಾಲಯದಲ್ಲಿ ಸೋತಿದ್ದ ಅದೇ ಸಾರ್ವಭೌಮ ಬಗಲಿಯವರು. ನ್ಯಾಯಾಲಯ ತನ್ನ ತೀರ್ಪು ಕೊಟ್ಟಿತು, ಮತದಾರ ತನ್ನ ತೀರ್ಪು ಕೊಟ್ಟ. ಆದರೆ ನಡುವಿನ ಎರಡೂವರೆ ವರ್ಷ ತಮ್ಮ ಶಾಸಕ ಶಾಸಕನೋ ಅಲ್ಲವೋ ಎಂಬ ಅನುಮಾನದಲ್ಲಿಯೇ ಇಂಡಿಯ ಜನ ಇರಬೇಕಾಯಿತು.

ಕಿಟಕಿಯಲ್ಲಿ ಹಾದು ಹೋದವರು

ಇಂಡಿಯ ಹೆಸರು ಮುಂದೆ ದಿಲ್ಲಿಯ ದೊಡ್ಡ ದೊಡ್ಡ ಪ್ರಕರಣಗಳಲ್ಲಿ ಓಡಾಡಿತು. ಎರಡೇ ತಿಂಗಳಲ್ಲಿ, 2007ರ ಜನವರಿ 23ರಂದು, ಕ್ರಿಕೆಟ್ ಆಟಗಾರ ಮತ್ತು ಸಂಸದ ನವಜೋತ್ ಸಿಂಗ್ ಸಿಧು ಅವರಿಗೆ ಸುಪ್ರೀಂ ಕೋರ್ಟು ಇದೇ ದಾರಿಯಲ್ಲಿ ತಡೆ ನೀಡಿತು. ಸಿಧು ಅವರು ಕಾನೂನಿನ ಕೊಡೆ ಇದ್ದರೂ ಅದರ ಕೆಳಗೆ ನಿಲ್ಲದೆ ಲೋಕಸಭೆಗೆ ಮೊದಲು ರಾಜೀನಾಮೆ ಕೊಟ್ಟಿದ್ದರು. ಆಮೇಲೆ ತಡೆ ಪಡೆದು ಅಮೃತಸರದಿಂದ ಮತ್ತೆ ಗೆದ್ದು ಬಂದರು.

2013ರ ಜುಲೈ 10ರಂದು ಹಾಲಿ ಸದಸ್ಯರ ಆ ಕೊಡೆಯೇ ಹರಿಯಿತು. ಹಿರಿಯ ವಕೀಲೆ ಲಿಲಿ ಥಾಮಸ್ ಅವರು ತಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಾಲ್ಕನೆಯ ಉಪಕಲಮನ್ನು ಸಂವಿಧಾನ ವಿರೋಧಿಯೆಂದಿತು. ಹಾಗಾದರೆ ತಪ್ಪು ತೀರ್ಪಿಗೆ ಬಲಿಯಾದ ಶಾಸಕನಿಗೆ ಗತಿ ಏನು? ಅವನಿಗೆ ತಡೆಯಾಜ್ಞೆಯ ದಾರಿ ಇದ್ದೇ ಇದೆ ಎಂದು ನ್ಯಾಯಾಲಯ ಬೊಟ್ಟು ಮಾಡಿದ್ದು ಇಂಡಿ ಪ್ರಕರಣದ ಕಡೆಗೇ. ಕೊಡೆಯನ್ನು ಉಳಿಸಲು ಅಂದಿನ ಕೇಂದ್ರ ಸರಕಾರ ಸುಗ್ರೀವಾಜ್ಞೆಗೆ ಹೊರಟಾಗ, ಅದನ್ನು ಹರಿದೆಸೆಯಬೇಕು ಎಂದವರು ಆಳುವ ಪಕ್ಷದವರೇ ಆದ ರಾಹುಲ್ ಗಾಂಧಿ. ಹತ್ತು ವರ್ಷ ಕಳೆದು 2023ರ ಮಾರ್ಚ್‌ನಲ್ಲಿ, ಕೋಲಾರದಲ್ಲಿ ಮಾಡಿದ್ದ ಭಾಷಣದ ಪ್ರಕರಣದಲ್ಲಿ ಸೂರತ್ ನ್ಯಾಯಾಲಯ ಎರಡು ವರ್ಷ ಶಿಕ್ಷೆ ಕೊಟ್ಟ ಮರುದಿನವೇ ಅವರು ಸಂಸತ್ತಿನಿಂದ ಹೊರಬಿದ್ದರು. ಆಗಸ್ಟ್ 4ರಂದು ಸುಪ್ರೀಂ ಕೋರ್ಟು ತೀರ್ಪಿಗೆ ತಡೆ ನೀಡಿದ ಮೇಲೆ ಅವರು ಒಳಗೆ ಬಂದದ್ದು ಅದೇ ಕಿಟಕಿಯಿಂದ.

ನಮ್ಮ ರಾಜ್ಯದ ಅತಿ ದೊಡ್ಡ ಉದ್ಯಮಿ-ರಾಜಕಾರಣಿಗಳಲ್ಲಿ ಒಬ್ಬರಾದ ಗಾಲಿ ಜನಾರ್ದನ ರೆಡ್ಡಿಯವರ ಪ್ರಕರಣವೂ ಇದೇ ಸಾಲಿನದು. 2025ರ ಮೇ 6ರಂದು ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಓಬಳಾಪುರಂ ಗಣಿ ಪ್ರಕರಣದಲ್ಲಿ ಅವರಿಗೆ ಏಳು ವರ್ಷದ ಶಿಕ್ಷೆ ವಿಧಿಸಿತು. ಎರಡೇ ದಿನದಲ್ಲಿ ಗಂಗಾವತಿಯ ಸ್ಥಾನ ಖಾಲಿ ಎಂದು ವಿಧಾನಸಭೆಯ ಸಚಿವಾಲಯ ಪ್ರಕಟಿಸಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟಿನ ತಡೆ ಸಿಕ್ಕಿತು, ಅವರು ಶಾಸಕರಾಗಿ ಮರಳಿದರು.

ಎಲ್ಲರಿಗೂ ಈ ಕಿಟಕಿ ಹೊತ್ತಿಗೆ ಸರಿಯಾಗಿ ತೆರೆಯುತ್ತದೆಯೇ? ಲಕ್ಷದ್ವೀಪದ ಸಂಸದ ಮೊಹಮ್ಮದ್ ಫೈಜಲ್ ಅವರಿಗೆ 2023ರ ಜನವರಿ 25ರಂದೇ ಕೇರಳ ಹೈಕೋರ್ಟು ತಡೆ ಕೊಟ್ಟಿತು. ಆದರೆ ಲೋಕಸಭೆಯ ಸದಸ್ಯತ್ವ ಮರಳಿದ್ದು ಮಾರ್ಚ್ 29ಕ್ಕೆ, ಅದೂ ಅವರು ಸುಪ್ರೀಂ ಕೋರ್ಟಿನ ಬಾಗಿಲು ಬಡಿದ ಮೇಲೆ. ಅಷ್ಟು ದಿನ ಆ ದ್ವೀಪಗಳ ಜನರಿಗೆ ಲೋಕಸಭೆಯಲ್ಲಿ ಬಾಯಿಯೇ ಇರಲಿಲ್ಲ. ಉತ್ತರಪ್ರದೇಶದ ರಾಂಪುರದ ಆಜಂ ಖಾನ್ ಅವರಿಗೆ 2022ರ ಅಕ್ಟೋಬರ್ 27ರಂದು ಭಾಷಣದ ಪ್ರಕರಣವೊಂದರಲ್ಲಿ ಶಿಕ್ಷೆಯಾಯಿತು, ಮರುದಿನವೇ ಸ್ಥಾನ ಹೋಯಿತು. ಡಿಸೆಂಬರ್‌ನಲ್ಲಿ ಉಪಚುನಾವಣೆ ಮುಗಿದು ಬೇರೊಬ್ಬರು ಶಾಸಕರಾದರು. 2023ರ ಮೇ ತಿಂಗಳಲ್ಲಿ ಮೇಲಿನ ನ್ಯಾಯಾಲಯ ಅದೇ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು. ಅವರ ಮೇಲೆ ಬೇರೆ ಪ್ರಕರಣಗಳಿವೆ, ಅದು ಬೇರೆ ಮಾತು. ಆದರೆ ಯಾವ ತೀರ್ಪಿನಿಂದ ಸ್ಥಾನ ಹೋಯಿತೋ ಆ ತೀರ್ಪೇ ಬಿದ್ದುಹೋದರೂ ಸ್ಥಾನ ಮರಳಲಿಲ್ಲ. ಇಂಡಿಯಲ್ಲಿ ತಡೆಯಾಜ್ಞೆ ನಾಮಪತ್ರಕ್ಕಿಂತ ಮೊದಲು ಬಂದು ಒಬ್ಬರು ಉಳಿದರು. ರಾಂಪುರದಲ್ಲಿ ಖುಲಾಸೆ ಉಪಚುನಾವಣೆಯ ನಂತರ ಬಂದು ಇನ್ನೊಬ್ಬರು ಹೋದರು. ಎರಡೂ ಕಡೆ ನಿರ್ಣಯ ಮಾಡಿದ್ದು ದಿನಾಂಕ.

ಯಾರ ಅಮಾನತ್ತು?

ಇಷ್ಟು ಹೇಳಿದ ಮೇಲೆ ಈ ಕಿಟಕಿಯನ್ನು ಮುಚ್ಚಿಬಿಡಬೇಕೆಂದು ನಾವು ಹೇಳುತ್ತಿಲ್ಲ. ಕೆಳಗಿನ ನ್ಯಾಯಾಲಯಗಳು ತಪ್ಪು ಮಾಡುತ್ತವೆ. ಎದುರಾಳಿಯನ್ನು ಮುಗಿಸಲು ಮೊಕದ್ದಮೆಗಳನ್ನು ಬಳಸುವುದು ಈ ದೇಶಕ್ಕೆ ಹೊಸದಲ್ಲ. ಒಬ್ಬ ಶಾಸಕನನ್ನು ಒಂದೇ ತೀರ್ಪಿನ ಮೇಲೆ ಹೊರಹಾಕಿ ಆಮೇಲೆ ಅವನು ನಿರಪರಾಧಿಯೆಂದು ತಿಳಿದರೆ ಕಳೆದುಹೋದ ವರ್ಷಗಳನ್ನು ಯಾರೂ ತಂದುಕೊಡಲಾರರು. ಇಂಡಿಯ ತೀರ್ಪು ಈ ಮಟ್ಟಿಗೆ ನ್ಯಾಯವಾದದ್ದೇ.

ನಮ್ಮ ಕಳವಳ ಬೇರೆ. ಹೈಕೋರ್ಟು, ಸುಪ್ರೀಂ ಕೋರ್ಟುಗಳಲ್ಲಿ ದೊಡ್ಡ ವಕೀಲರನ್ನು ನಿಲ್ಲಿಸಿ ನಾಮಪತ್ರದ ದಿನದೊಳಗೆ ತಡೆಯಾಜ್ಞೆ ತರುವ ಶಕ್ತಿ ಯಾರಿಗಿದೆ? ವ್ಯವಹಾರದ ಬಲವಿದ್ದವರಿಗಿದೆ, ಪಕ್ಷದ ಬಲವಿದ್ದವರಿಗಿದೆ. ನಮ್ಮ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ಅಪರಾಧಿಗಳೆಂದು ತೀರ್ಮಾನವಾಗದ ವಿಚಾರಣಾಧೀನ ಕೈದಿಗಳು. ಅವರಲ್ಲಿ ದಲಿತರು, ಆದಿವಾಸಿಗಳು, ಮುಸಲ್ಮಾನರು ತಮ್ಮ ಜನಸಂಖ್ಯೆಯ ಪಾಲಿಗಿಂತ ಹೆಚ್ಚಿದ್ದಾರೆ ಎಂದು ಸರಕಾರದ ಅಂಕಿ ಅಂಶಗಳೇ ಹೇಳುತ್ತವೆ. ಜೈಲಿನಲ್ಲಿರುವವನು ಮತ ಹಾಕುವಂತಿಲ್ಲ ಎಂದು ಪ್ರಜಾಪ್ರತಿನಿಧಿ ಕಾಯ್ದೆಯ 62ನೆಯ ಕಲಮು ಹೇಳುತ್ತದೆ. ಆದರೆ 2013ರ ತಿದ್ದುಪಡಿಯ ಪ್ರಕಾರ ಜೈಲಿನಲ್ಲಿರುವವನು ಚುನಾವಣೆಗೆ ನಿಲ್ಲಬಹುದು. ಮತ ಕೇಳಬಹುದು, ಮತ ಕೊಡಬಾರದು! ಜಾಮೀನಿಗೆ ಗತಿಯಿಲ್ಲದ ಬಡವನ ಒಂದು ಮತವನ್ನು ತೀರ್ಪಿಗೆ ಮೊದಲೇ ಕಿತ್ತುಕೊಳ್ಳುವ ಕಾನೂನು, ಬಲವಿದ್ದವನ ಸ್ಥಾನವನ್ನು ತೀರ್ಪಿನ ನಂತರವೂ ಜೋಪಾನ ಮಾಡುತ್ತದೆ. ಸಂಸತ್ತಿನಲ್ಲಿ ಕುಳಿತವರು ತಮ್ಮ ಬಾಗಿಲ ಬಗ್ಗೆ ತೋರಿದ ಅವಸರವನ್ನು ಆ ಕೈದಿಯ ಮತದ ಬಗ್ಗೆ ತೋರಲಿಲ್ಲ.

ಆದ್ದರಿಂದ ಆಗಬೇಕಾದ ಕೆಲಸ ಎರಡು. ಶಾಸಕ, ಸಂಸದರ ಮೇಲ್ಮನವಿಗಳಿಗೂ ಚುನಾವಣಾ ತಕರಾರುಗಳಿಗೂ ಕಾಯ್ದೆ ಹೇಳಿದ ಅವಧಿಯನ್ನು ನಿಜವಾಗಿ ಪಾಲಿಸಬೇಕು. ಒಂದು ತಾಲ್ಲೂಕಿನ ಪ್ರಾತಿನಿಧ್ಯವನ್ನು ಅರ್ಧ ಅವಧಿ ಅನುಮಾನದಲ್ಲಿಡುವುದು ಆ ಜನರಿಗೆ ಮಾಡುವ ಅವಮಾನ. ಎರಡನೆಯದು, ವಿಚಾರಣಾಧೀನ ಕೈದಿಯ ಮತದ ಹಕ್ಕನ್ನು ಮರಳಿ ಕೊಡುವುದು. ತೀರ್ಪಿಗೆ ತಡೆ ಸಿಕ್ಕ ಶಾಸಕನನ್ನು ಅರ್ಹನೆಂದು ಬಗೆಯುವ ನಾಡು, ತೀರ್ಪೇ ಬಾರದ ಕೂಲಿಯವನನ್ನು ಅನರ್ಹ ಮತದಾರನಾಗಿ ಮಾಡುವುದು ಯಾವ ನ್ಯಾಯ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಜನ ಐದು ವರ್ಷಕ್ಕೊಮ್ಮೆ ಬಿಸಿಲಲ್ಲಿ ಸಾಲುಗಟ್ಟಿ ನಿಂತು ತಮ್ಮ ಮತವನ್ನು ಒಬ್ಬರ ವಶಕ್ಕೆ ಕೊಟ್ಟು ಬರುತ್ತಾರೆ. ಅದನ್ನು ಪಡೆದವರು ಭೂಮಿಯ ಒಡೆಯರಾಗಿರಲಿ, ವ್ಯಾಪಾರಿಗಳಾಗಿರಲಿ, ವಕೀಲರಾಗಿರಲಿ, ಅದು ಅವರ ಗಳಿಕೆಯಲ್ಲ. ನ್ಯಾಯಾಲಯದಲ್ಲಿ ಶಿಕ್ಷೆ ಅಮಾನತಿನಲ್ಲಿ ಇರಬಹುದು, ತೀರ್ಪು ತಡೆಯಲ್ಲಿ ಇರಬಹುದು. ಜನರ ಅಮಾನತ್ತಿಗೆ ತಡೆಯಾಜ್ಞೆ ಇಲ್ಲ. ಅದರ ಲೆಕ್ಕವನ್ನು ಒಪ್ಪಿಸಲೇಬೇಕು.